ಹದಿನೇಳನೇ ನಂಬ್ರದ ಮಾವಿನ ಮರ

ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಈ ಕೆಲಸದಲ್ಲಿ ನಿಜವಾಗಿ ಮಾಡ್ಲಿಕ್ಕೆ ಇರುವುದು ಏನು? ಬಂದು ಮೂರು ತಿಂಗಳಾಯ್ತು, ನನಗೆ ತಲೆಬುಡ ಗೊತ್ತಾಗ್ಲಿಲ್ಲ" ಎಂದಳು. ನನಗೆ ನಗು ಬಂತು. ಅಷ್ಟು ವರ್ಷ ಮಾಡಿದ ನನಗೇ ಪೂರ್ತಿ ಗೊತ್ತಾಗಿಲ್ಲ. "ಗೊತ್ತಾದಷ್ಟನ್ನು ಬರೆದು ಕೊಡ್ತೇನೆ ಮಾರಾಯ್ತಿ, ಓದಿ ಇನ್ನಷ್ಟು ಗೊಂದಲ ಆದರೆ ನನ್ನನ್ನು ಬೈಯಬೇಡ" ಎಂದೆ. ಹಾಗೆ ಕೂತು ಬರೆದದ್ದು ಇದು. ಬಡ್ತಿ, ಸನ್ಮಾನ, ಶಾಲು ಹಣ್ಣು ಇದರಲ್ಲಿ ಇಲ್ಲ. ನಾನು ಮಾಡಿದ ಒಂದು ತಪ್ಪು ಉಂಟು. ಅದರ ಮೇಲೆ ಇನ್ನೊಬ್ಬ ಹುಡುಗಿಯ ನಾಲ್ಕು ವರ್ಷದ ಓದು ನಿಂತಿತ್ತು.

ನನ್ನ ಹೆಸರು ವಸಂತಿ. ಮನೆ ಬಂಟ್ವಾಳ. ಕೆಲಸ ಮಾಡಿದ್ದು ಮೂಡುಬಿದಿರೆಯ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ. ಅದರ ಹೆಸರು ಬರೆದು ಯಾರಿಗೂ ಉಪಕಾರವಿಲ್ಲ. ದಿನಾ ಸಿದ್ಧಕಟ್ಟೆಯಾಗಿ ಹೋಗುವ ಬಸ್ಸು, ಕಿಟಕಿ ಬದಿಯ ಸೀಟು, ಬುತ್ತಿ. ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಒಣಗಿಸಿದ ಎಲೆಗಳನ್ನು ಹಾಳೆಗೆ ಅಂಟಿಸುವ ಕೆಲಸಕ್ಕೆಂದು ಸೇರಿದವಳು ನಾನು. ಆ ಎಲೆ ಅಂಟಿಸುತ್ತಿದ್ದವಳನ್ನು ಒಂದು ದಿನ ಕಂಪ್ಯೂಟರಿನ ಮುಂದೆ ಕೂರಿಸಿ, ಇನ್ನು ಮೇಲೆ ನೀನು ಮಾವಿನ ಜೀನೋಮ್ ಡೇಟಾಬೇಸಿನ ಕ್ಯುರೇಟರ್ ಎಂದರು. ನನಗೆ ನಾಲ್ಕು ಪದಗಳಲ್ಲಿ ಮಾವು ಒಂದೇ ಅರ್ಥವಾದದ್ದು.

ಹೊಸಬರಿಗೆ ಸ್ವಲ್ಪ ಹೇಳುತ್ತೇನೆ. ಪ್ರತಿ ಜೀವಿಯ ಕೋಶದೊಳಗೂ ಅದು ಹೇಗಿರಬೇಕು ಎಂಬ ಒಂದು ಉದ್ದದ ಬರಹ ಇರುತ್ತದೆ. ಅಕ್ಷರಗಳು ನಾಲ್ಕೇ, ಬರಹ ಮಾತ್ರ ಮುಗಿಯುವುದೇ ಇಲ್ಲ. ಇಲಿಗೆ, ನೊಣಕ್ಕೆ, ಭತ್ತಕ್ಕೆ ಒಂದೊಂದು ಜಾಲತಾಣ ಮಾಡಿ, ಯಾವ ಜೀನ್ ಎಲ್ಲಿ ಕೂತಿದೆ, ಅದು ಏನು ಕೆಲಸ ಮಾಡುತ್ತದೆ ಎಂದು ಲೋಕಕ್ಕೆಲ್ಲ ಕಾಣುವ ಹಾಗೆ ಇಟ್ಟಿದ್ದಾರೆ. ನಮ್ಮದು ಮಾವಿನದು. ಅದರಲ್ಲೂ ನಮ್ಮ ಕರಾವಳಿಯ ಕಾಟು ಮಾವಿನದು, ಅಂದರೆ ಯಾರೂ ಕಸಿ ಕಟ್ಟದೆ ತಾನಾಗಿ ಹುಟ್ಟಿದ, ಗೊಜ್ಜಿಗೂ ಉಪ್ಪಿನಕಾಯಿಗೂ ಆಗುವ ಸಣ್ಣ ಕಾಯಿಯ ಮರಗಳದ್ದು. ಕ್ಯುರೇಟರ್ ಎಂದರೆ ಬಂದ ಪ್ರಬಂಧಗಳನ್ನೆಲ್ಲ ಓದಿ, ಇಂಥ ಜೀನ್ ಇಂಥ ಕೆಲಸ ಮಾಡುತ್ತದೆ ಎಂದು ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು ಎಂದು ನೋಡಿ ದಾಖಲೆ ಮಾಡುವವಳು. ಎಲೆ ಯಾವ ಮರದ್ದು ಎಂಬುದಕ್ಕೂ ಅವಳೇ ಜವಾಬ್ದಾರಿ.

ಇದನ್ನು ಮನೆಯವರಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಅಣ್ಣ ನನಗೆ ಬಾಯಿ ತೆರೆಯಲು ಬಿಡದೆ, "ಇವಳು ಮಾವಿನ ಮರದ ಜಾತಕ ಬರೆಯುವುದು" ಎನ್ನುತ್ತಿದ್ದ. ಕೇಳಿದವರು ಹೌದಾ ಎಂದು ತಲೆಯಾಡಿಸಿ ಪಾಯಸದ ಕಡೆ ತಿರುಗುತ್ತಿದ್ದರು. ನಾನು ಜಗಳಕ್ಕೆ ಹೋಗಲಿಲ್ಲ. ಅದಕ್ಕಿಂತ ಒಳ್ಳೆಯ ವಿವರಣೆ ನನ್ನಲ್ಲೂ ಇರಲಿಲ್ಲ.

ಜಾಲತಾಣದ ಕೆಳಗೆ ಕಚೇರಿಯ ಫೋನ್ ನಂಬ್ರ ಹಾಕಿದ್ದು ಇನ್ನೊಂದು ಕಥೆ. ಒಮ್ಮೆ ಮಡಂತ್ಯಾರಿನಿಂದ ಒಬ್ಬರು ಫೋನ್ ಮಾಡಿದರು. "ನಿಮ್ಮಲ್ಲಿ ಮಾವಿನದ್ದು ಎಲ್ಲ ಉಂಟಂತೆ ಅಲ್ವಾ?"

"ಉಂಟು, ಹೇಳಿ."

"ನಮ್ಮ ಬಾವಿಕಟ್ಟೆಯ ಹತ್ತಿರದ ಮರ ಮೂರು ವರ್ಷದಿಂದ ಹೂ ಬಿಡ್ಲಿಲ್ಲ. ಯಾಕೆ ಅಂತ ಸ್ವಲ್ಪ ನೋಡಿ ಹೇಳಿ."

ನಮ್ಮಲ್ಲಿ ಇರುವುದು ಅಂಥ ಮಾಹಿತಿ ಅಲ್ಲ ಎಂದು ನಾನು ಸಮಾಧಾನದಿಂದ ಹೇಳಿದೆ. ಅವರು, "ಎಲ್ಲ ಉಂಟು ಅಂತ ಬರ್ದಿದ್ದೀರಿ, ಕೇಳಿದ್ರೆ ಒಂದೂ ಇಲ್ಲ. ಮತ್ತೆ ಯಾಕೆ ಇಟ್ಟುಕೊಂಡದ್ದು ಅದನ್ನು?" ಎಂದು ಕೇಳಿ ಫೋನ್ ಇಟ್ಟರು. ನಾನು ಆ ಇಡೀ ದಿನ ಕೆಲಸ ಮಾಡಲಿಲ್ಲ. ಹೂ ಬಿಡುವುದಕ್ಕೆ ಸಂಬಂಧಪಟ್ಟ ಎಷ್ಟೋ ಜೀನುಗಳನ್ನು ನಾನೇ ಕೈಯಾರೆ ದಾಖಲಿಸಿದ್ದೆ. ಆ ಮರ ಯಾಕೆ ಹೂ ಬಿಡಲಿಲ್ಲ ಎಂದು ಹೇಳಲು ಅದರಲ್ಲಿ ಒಂದಕ್ಕೂ ಬಾಯಿ ಇರಲಿಲ್ಲ.

ನಮ್ಮ ನಿರ್ದೇಶಕರು ಧರಣೇಂದ್ರ ಸರ್. ಮೂಡುಬಿದಿರೆಯ ಹಳೆಯ ಜೈನ ಮನೆತನದವರು, ಮಿತಭಾಷಿ, ಬೈಯುವುದಾದರೂ ಎದ್ದು ನಿಂತು ಮರ್ಯಾದೆಯಿಂದ ಬೈಯುವವರು. ನಾನು ಮಾಡಿದ ಮೊದಲ ದೊಡ್ಡ ಎಡವಟ್ಟು ಅವರ ಎದುರಿಗೇ ಆದದ್ದು. ಜೀನುಗಳ ಪಟ್ಟಿಯನ್ನು ಕೋಷ್ಟಕದಲ್ಲಿ ತುಂಬಿಸಿ ಕಳಿಸಿದ್ದೆ. ಕೆಲವು ಜೀನುಗಳ ಹೆಸರು ತಿಂಗಳಿನ ಹೆಸರಿನ ಹಾಗೆ ಇರುತ್ತದೆ. ಕಂಪ್ಯೂಟರು ತನ್ನ ಜಾಣತನದಿಂದ ಅವನ್ನೆಲ್ಲ ತಾರೀಕು ಮಾಡಿಬಿಟ್ಟಿತ್ತು. ಸರ್ ಪಟ್ಟಿಯನ್ನು ನನ್ನ ಮುಂದೆ ಇಟ್ಟು, "ವಸಂತಿಯವರೇ, ಮಾರ್ಚ್ ಒಂದಕ್ಕೆ ಯಾರ ಹುಟ್ಟಿದ ಹಬ್ಬ?" ಎಂದು ಕೇಳಿದರು. ಒಳಗೆ ಸಿಟ್ಟೋ ನಗುವೋ ಅವರ ಮುಖದಿಂದ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಅಂದಿನಿಂದ ಪ್ರತಿ ಸಾಲನ್ನೂ ಕಣ್ಣಿಂದ ನೋಡಿಯೇ ಮುಂದೆ ಬಿಡುತ್ತಿದ್ದೆ. ಆ ಹೆಮ್ಮೆಯೇ ಮುಂದೆ ನನ್ನನ್ನು ಹಾಳು ಮಾಡಿತು ಎಂದು ಕಾಣುತ್ತದೆ. ಸಾಲುಗಳನ್ನು ನೋಡಿದೆ, ಮರವನ್ನು ನೋಡಲಿಲ್ಲ.

ಮರ ಎಂದೆನಲ್ಲ, ಅದು ಹದಿನೇಳನೇ ನಂಬ್ರದ್ದು.

ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಸಂಕಪ್ಪ ಶೆಟ್ರ ಮನೆ. ಅಲ್ಲಿ ಅಂಗಳದ ಕೆಳಗೆ, ತೋಟದ ಕಂದಕದ ಹಾಗಿನ ಅಗಳಿನ ಬದಿಯಲ್ಲಿ ಒಂದು ಕಾಟು ಮಾವಿನ ಮರವಿತ್ತು. ಕಾಯಿ ಚಿಕ್ಕದು, ಘಮ ಮಾತ್ರ ರಸ್ತೆಯವರೆಗೆ. ತಾಲೂಕುಗಳಲ್ಲೆಲ್ಲ ಸುತ್ತಿ ಎಲೆ ತಂದ ಮರಗಳಲ್ಲಿ ಅದು ಹದಿನೇಳನೆಯದು. ಅದನ್ನೇ ಮೂಲ ಮರವೆಂದು ಆರಿಸಿದೆವು. ಬೇರೆ ಎಲ್ಲ ಮರಗಳ ಬರಹವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುವುದೆಂದು ಆಯಿತು. ಮೊದಲ ಸಲ ಎಲೆ ಕೊಯ್ಯಲು ನಾನೇ ಹೋಗಿದ್ದೆ. ಶೆಟ್ರಿಗೆ ಆಗಲೇ ಎಂಬತ್ತರ ಹತ್ತಿರ. ಎಲೆ ಕೊಯ್ದು ಪೊಟ್ಟಣ ಮಾಡುವುದನ್ನು ನಿಂತು ನೋಡಿದರು. "ನಾಲ್ಕು ಸೊಪ್ಪಿಗೆ ಮೂಡುಬಿದಿರೆಯಿಂದ ಬಂದದ್ದಾ? ನಮ್ಮ ದನ ಇದಕ್ಕಿಂತ ಜಾಸ್ತಿ ತಿಂತದೆ" ಎಂದರು. ಅವರ ಮಗಳು ರೇವತಿ ಬೆಲ್ಲ ನೀರು ಕೊಟ್ಟಳು. ನಾನು ಮರದ ಸ್ಥಾನವನ್ನು ಜಿಪಿಎಸ್ ಯಂತ್ರದಲ್ಲಿ ಗುರುತು ಮಾಡಿಕೊಂಡು, ನಂಬ್ರ ಬರೆದು ಬಸ್ಸು ಹತ್ತಿದೆ.

ಆ ಕಾಲದ ಪ್ರಯೋಗಾಲಯದ ಯಂತ್ರಗಳು ಎಲೆಯೊಳಗಿನ ಬರಹವನ್ನು ಸಣ್ಣ ಸಣ್ಣ ಚೂರು ಮಾಡಿ ಓದುತ್ತಿದ್ದವು. ಹರಿದ ಪತ್ರವನ್ನು ಜೋಡಿಸಿದ ಹಾಗೆ ಅವನ್ನು ಜೋಡಿಸಬೇಕು, ನಡುವೆ ತುಂಬ ತೂತು ಉಳಿಯುತ್ತದೆ. ಕೆಲವು ವರ್ಷ ಕಳೆದು ಉದ್ದುದ್ದ ತುಂಡುಗಳನ್ನು ಓದುವ ಹೊಸ ವಿಧಾನ ಬಂತು. ತೂತು ಮುಚ್ಚಬಹುದು, ಆದರೆ ಅದೇ ಮರದ ಎಳೆ ಚಿಗುರು ಮತ್ತೆ ಬೇಕು. ಒಂದು ಮಾವಿನ ಬರಹ ಇನ್ನೊಂದರ ಹಾಗೆ ಇರುವುದಿಲ್ಲ. ಬೇರೆ ಮರದ್ದು ಸೇರಿದರೆ ಎರಡು ಪತ್ರವನ್ನು ಒಂದಕ್ಕೆ ಅಂಟಿಸಿದ ಹಾಗೆ. ಇದನ್ನು ನಾನು ಹೊಸಬರಿಗೆ ತರಬೇತಿಯಲ್ಲಿ ಹೇಳಿಕೊಡುತ್ತಿದ್ದವಳು.

ಧರಣೇಂದ್ರ ಸರ್ ಅವಸರ ಮಾಡುತ್ತಿದ್ದರು. ನಾನು ಶೆಟ್ರ ಮನೆಗೆ ಫೋನ್ ಮಾಡಿದೆ. ರೇವತಿ ಎತ್ತಿದಳು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

"ಅಪ್ಪ ತೀರಿಕೊಂಡು ಇವತ್ತಿಗೆ ಇಪ್ಪತ್ತು ದಿವಸ ಆಯ್ತು ಅಕ್ಕ" ಎಂದಳು.

"ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ಲ" ಎಂದೆ. ಕಾಯಿಲೆ ಏನು, ಉತ್ತರಕ್ರಿಯೆಗೆಲ್ಲ ಜನ ಬಂದಿದ್ದರಾ ಎಂದೆಲ್ಲ ಕೇಳಿದೆ. ಫೋನ್ ಇಡುವ ಮೊದಲು, ನಾಲಗೆ ಎಡವುತ್ತಾ, "ಹೀಗೆ ಕೇಳಬಾರದು, ಆದ್ರೂ... ಆ ಮರದ ಒಂದು ಹಿಡಿ ಚಿಗುರು ಬೇಕಿತ್ತು ರೇವತಿ" ಎಂದೆ.

ಆ ಕಡೆ ಸ್ವಲ್ಪ ತಡೆದು ಉತ್ತರ ಬಂತು. "ಆಯ್ತು ಅಕ್ಕ. ನೀವು ಅಷ್ಟು ದೂರ ಬರುವುದು ಬೇಡ. ಬೆಳಗಿನ ಬಸ್ಸಲ್ಲಿ ಕೊಟ್ಟು ಕಳಿಸ್ತೇನೆ."

ನನಗೆ ಎಷ್ಟು ಹಾಯೆನಿಸಿತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಿ ಸೊಪ್ಪು ಕೊಯ್ದುಕೊಂಡು ಬರುವ ಸಂಕಟ ತಪ್ಪಿತಲ್ಲ. ನಮ್ಮ ಕಡೆ ಔಷಧಿಯಿಂದ ಹಿಡಿದು ಮಲ್ಲಿಗೆಯವರೆಗೆ ಎಲ್ಲವೂ ಬಸ್ಸಿನ ಕಂಡಕ್ಟರ ಕೈಯಲ್ಲೇ ಊರಿಂದೂರಿಗೆ ಹೋಗುವುದು. ಮರುದಿನ ವೇಣೂರಿನ ದಾರಿಯ ಬಸ್ಸಿನಲ್ಲಿ, ಒದ್ದೆ ಬೈರಾಸಿನ ಬಟ್ಟೆ ಸುತ್ತಿ, ಬಾಳೆಎಲೆಯಲ್ಲಿ ಕಟ್ಟಿದ ಚಿಗುರು ಬಂತು. ಕಂಡಕ್ಟರ್ ಕೊಡುವಾಗ, "ಇಂಜಿನ್ ಹತ್ರ ಇಡ್ಬೇಡ ಅಂತ ಆ ಅಕ್ಕ ಹತ್ತು ಸರ್ತಿ ಹೇಳಿದ್ದಾರೆ, ನನ್ನ ಸೀಟಲ್ಲೇ ಇಟ್ಟು ನಾನು ನಿಂತುಕೊಂಡು ಬಂದೆ" ಎಂದ. ಅಷ್ಟು ಜಾಗ್ರತೆಯಿಂದ ಬಂದ ಚಿಗುರನ್ನು ಸಂಶಯಪಡುವುದು ಯಾರು? ಚೀಟಿಯಲ್ಲಿ ಹದಿನೇಳು ಎಂದು ಬರೆದೆ. ಪರಿಶೀಲಿಸಿದವರು ಎಂಬ ಕಡೆ ನನ್ನ ಸಹಿ ಹಾಕಿದೆ.

ಡೇಟಾಬೇಸಿನ ಎರಡನೇ ಆವೃತ್ತಿ ಹೊರಬಂತು. ತೂತುಗಳೆಲ್ಲ ಮುಚ್ಚಿ ಚಂದ ಕಾಣುತ್ತಿತ್ತು. ಹೊಸ ಜೀನುಗಳೂ ಕಾಣಿಸಿಕೊಂಡವು. ಅದರಲ್ಲಿ ಘಮದ ಜೀನ್ ಒಂದಿತ್ತು. ಬೇರೆ ಮಾವುಗಳಲ್ಲಿ ಅದು ಒಂದೇ; ನಮ್ಮ ಹದಿನೇಳರಲ್ಲಿ ಪಕ್ಕಪಕ್ಕದಲ್ಲಿ ಎರಡು. ಸರ್ ಕೂಡ ಅವತ್ತು ನಕ್ಕರು.

ನಫೀಸಾ ಬಂದದ್ದು ಆಗ. ಬಂಟ್ವಾಳದವಳೇ, ಬ್ಯಾರಿ ಮನೆಯ ಹುಡುಗಿ, ಅವರ ಕುಟುಂಬದಲ್ಲಿ ಪಿಎಚ್‌ಡಿಗೆ ಬಂದ ಮೊದಲನೆಯವಳು. ನನ್ನ ಜತೆಗೇ ಬಸ್ಸಿನಲ್ಲಿ ಬರುತ್ತಿದ್ದಳು. ನನಗೆ ಕಿಟಕಿ ಸೀಟು ಹಿಡಿದಿಡುವುದು, ಅವಳ ಉಮ್ಮ ಮಾಡಿದ ಪತ್ತಿರಿ ರೊಟ್ಟಿಯಲ್ಲಿ ನನಗೆಂದು ಎರಡು ಬೇರೆ ತರುವುದು, ಇದೆಲ್ಲ ಇತ್ತು. ಅವಳು ಆರಿಸಿಕೊಂಡ ವಿಷಯ ಆ ಜೋಡಿ ಜೀನ್. ಕಾಟು ಮಾವಿನ ಘಮಕ್ಕೆ ಆ ಎರಡನೇ ಪ್ರತಿಯೇ ಕಾರಣ ಎಂದು ತೋರಿಸುವುದು. ಮೂರು ವರ್ಷ ಅದಕ್ಕೇ ಬೆನ್ನು ಬಗ್ಗಿಸಿದಳು. ನಾಲ್ಕನೇ ವರ್ಷ ಯಾಕೋ ನಿಧಾನವಾದಳು. ಪ್ರಬಂಧ ಎಲ್ಲಿಗೆ ಬಂತು ಎಂದರೆ, "ಆಗ್ತಾ ಉಂಟು ಮೇಡಂ" ಎನ್ನುವಳು. ಫೆಲೋಶಿಪ್ಪಿನ ಅವಧಿ ಮುಗಿಯುತ್ತಾ ಬಂತು. ನಾನು ಬಸ್ಸಿನಲ್ಲಿ ಬೈಯುತ್ತಿದ್ದೆ. "ಎಷ್ಟು ಮಾಡಿದ್ರೂ ಸಾಲದು ಅಂತ ಕೂತ್ರೆ ಆಗ್ತದಾ? ಬರೆದು ಬಿಸಾಡು" ಎನ್ನುತ್ತಿದ್ದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ನಾನು ನಿವೃತ್ತಳಾಗುವ ತಿಂಗಳು ಹೊರದೇಶದ ಒಂದು ಪ್ರಯೋಗಾಲಯದಿಂದ ಪತ್ರ ಬಂತು. ತುಂಬ ಸಭ್ಯವಾದ ಪತ್ರ. ನಿಮ್ಮ ಹದಿನೇಳರಲ್ಲಿ ಅಲ್ಲಲ್ಲಿ ಜೀನುಗಳು ಜೋಡಿಯಾಗಿರುವುದು ನೋಡಿದರೆ ಎರಡು ಮರಗಳು ಬೆರೆತ ಹಾಗೆ ತೋರುತ್ತದೆ, ದಯವಿಟ್ಟು ಮೂಲವನ್ನು ಪರೀಕ್ಷಿಸುವಿರಾ, ಎಂದು. ನನಗೆ ಮೈ ಉರಿಯಿತು. ನಾನು ಪ್ರತಿ ಸಾಲನ್ನೂ ನೋಡುವವಳು! ಮರದ ಫೋಟೋ ತೆಗೆದು ಇವರ ಮುಖಕ್ಕೆ ಹಿಡಿಯುತ್ತೇನೆ ಎಂದು ರಜೆ ಹಾಕಿ ಬೆಳ್ತಂಗಡಿಯ ಬಸ್ಸು ಹತ್ತಿದೆ.

ಯಂತ್ರ ತೋರಿಸಿದ ಜಾಗದಲ್ಲಿ ಮರವಿರಲಿಲ್ಲ. ಮಂಡಿಯೆತ್ತರದ ಒಂದು ಬುಡದ ಕುತ್ತಿ ಇತ್ತು, ಅದರ ಮೇಲೆ ಪಾಚಿ. ನಾನು ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದೆ. ಎರಡು ಹೆಜ್ಜೆ ಆಚೆ ಹೋಗಿ ಈಚೆ ಬಂದೆ. ಬೇರೆ ಮನೆಗೆ ಬಂದೆನಾ ಎಂದೂ ಒಮ್ಮೆ ಅನಿಸಿತು. ರೇವತಿ ಮೆಟ್ಟಿಲಿಳಿದು ಬಂದಳು.

"ಮರ ಎಲ್ಲಿ?" ಎಂದೆ.

"ಅದನ್ನು ಅಪ್ಪ ಹೋದ ದಿವಸವೇ ಕಡಿದದ್ದಲ್ವಾ ಅಕ್ಕ" ಎಂದಳು, ಇದೆಂಥ ಪ್ರಶ್ನೆ ಎಂಬ ಹಾಗೆ.

ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಚಿತೆಗೆ ಅದೇ ಮನೆಯ ಮಾವಿನ ಮರವನ್ನು ಕಡಿಯುವುದು ಕ್ರಮ. ಹೆಣ ಮನೆಯ ಚಾವಡಿಯಲ್ಲಿ ಇರುವಾಗಲೇ ಹಿತ್ತಿಲಿನಿಂದ ಕೊಡಲಿಯ ಸದ್ದು ಕೇಳುತ್ತದೆ.

"ಮತ್ತೆ ನೀನು ಕಳಿಸಿದ ಚಿಗುರು?"

"ಅದು ಮೇಲಿನ ಮರದ್ದು." ದನದ ಹಟ್ಟಿಯ ಹಿಂದಿನ ಒಂದು ಮರವನ್ನು ತೋರಿಸಿದಳು. "ನೀವು ಅಷ್ಟು ಸಂಕೋಚದಲ್ಲಿ ಕೇಳಿದ್ರಿ. ಆ ಮರದಲ್ಲಿ ಅಪ್ಪನನ್ನು ಸುಟ್ಟಾಯ್ತು ಅಂತ ಫೋನಿನಲ್ಲಿ ಹೇಗೆ ಹೇಳುವುದು? ನಿಮಗೆ ಬೇಜಾರಾಗ್ತದೆ. ಇದೂ ಕಾಟು ಮಾವೇ ಅಲ್ವಾ ಅಕ್ಕ? ಏನಾದ್ರೂ ತೊಂದರೆ ಆಯ್ತಾ?"

"ಇಲ್ಲ ಇಲ್ಲ, ಏನೂ ಇಲ್ಲ" ಎಂದೆ. ನೋಡಿ, ನಾನೂ ಅದನ್ನೇ ಮಾಡಿದೆ! ಆ ಸೊಪ್ಪಿನಿಂದ ಒಬ್ಬಳ ನಾಲ್ಕು ವರ್ಷ ನೀರುಪಾಲಾಯಿತು ಎಂದು ಅವಳಿಗೆ ಹೇಗೆ ಹೇಳುವುದು? ಚಹಾ ಕುಡಿದು ಬಂದೆ.

ಬಸ್ಸಿನಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ರೇವತಿಯ ಮೇಲೆ ಮಾಡಲು ಮನಸ್ಸು ಬರಲಿಲ್ಲ. ಜೋಡಿ ಜೀನ್ ಎಂಬುದು ಜೋಡಿಯೇ ಅಲ್ಲ. ಸುಟ್ಟುಹೋದ ಮರದ ಒಂದು, ಹಟ್ಟಿಯ ಹಿಂದಿನ ಮರದ ಒಂದು. ನಫೀಸಾ ಇಲ್ಲದ ವಸ್ತುವಿನ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಹೇಳಿದರೆ ಅವಳ ಓದು ಹೋಯಿತು, ಹೇಳದಿದ್ದರೆ ಸುಳ್ಳು ಲೋಕಕ್ಕೆಲ್ಲ ಹೋಯಿತು. ಕಚೇರಿಗೆ ಹೋಗಲು ಗುರುವಾಯನಕೆರೆಯಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು, ಇಳಿಯದೆ ಮಡಂತ್ಯಾರಿನವರೆಗೆ ಹೋಗಿಬಿಟ್ಟೆ.

ಮರುದಿನ ಧರಣೇಂದ್ರ ಸರ್‌ಗೆ ಎಲ್ಲ ಹೇಳಿದೆ. ಅವರು ಎದ್ದು ನಿಂತರು, ಬೈಯುತ್ತಾರೆ ಎಂದುಕೊಂಡೆ. ಕಿಟಕಿಯ ಹತ್ತಿರ ಹೋಗಿ, "ವಸಂತಿಯವರೇ, ಆ ಹುಡುಗಿಯದ್ದು ಮುಂದಿನ ತಿಂಗಳು ಸಲ್ಲಿಸ್ಲಿಕ್ಕೆ ಉಂಟು. ನೀವು ಈ ತಿಂಗಳು ಹೋಗ್ತೀರಿ. ಮುಂದಿನ ಆವೃತ್ತಿಯಲ್ಲಿ ನಿಧಾನಕ್ಕೆ ಸರಿ ಮಾಡುವ. ಈಗ ಸುಮ್ಮನಿರುವ" ಎಂದರು. ನನ್ನ ಮರ್ಯಾದೆ ಉಳಿಸಲಿಕ್ಕೋ ಕೇಂದ್ರದ್ದೋ ಹುಡುಗಿಯದ್ದೋ, ನನಗೆ ಗೊತ್ತಾಗಲಿಲ್ಲ. ಸರಿ ಎಂದು ತಲೆಯಾಡಿಸಿ ಹೊರಬಂದೆ. ಹೊರಬಂದವಳು ನೇರ ನಫೀಸಾ ಕೂರುವ ಕೋಣೆಗೆ ಹೋದೆ.

"ನಿನ್ನ ಎರಡನೇ ಜೀನ್ ಇಲ್ಲ ನಫೀಸಾ. ನಾನು ತರಿಸಿದ ಸೊಪ್ಪು ಬೇರೆ ಮರದ್ದು" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಬಾಗಿಲು ಹಾಕಿದಳು. ಮೇಜಿನ ಅಡಿಯಿಂದ ಒಂದು ಫೈಲ್ ತೆಗೆದು ನನ್ನ ಮುಂದೆ ಇಟ್ಟಳು. ಒಳಗೆ ಪ್ರಯೋಗದ ಚಿತ್ರಗಳು, ಒಂದರ ಮೇಲೊಂದು. ಎಷ್ಟು ಕಾಟು ಮರಗಳಲ್ಲಿ ಹುಡುಕಿದರೂ ಎಲ್ಲೂ ಒಂದು ಮರದಲ್ಲಿ ಎರಡು ಪ್ರತಿ ಸಿಕ್ಕಿರಲಿಲ್ಲ.

"ನನಗೆ ಎಂಟು ತಿಂಗಳಾಯ್ತು ಗೊತ್ತಾಗಿ" ಎಂದಳು.

"ಎಂಟು ತಿಂಗಳು! ಮತ್ತೆ ಬಾಯಿಗೆ ಏನಾಗಿತ್ತು ನಿನಗೆ?"

"ಹೇಳುವಾ ಅಂತ ಎರಡು ಸರ್ತಿ ನಿಮ್ಮ ಹತ್ರ ಬಂದೆ ಮೇಡಂ. ದಾಖಲೆಯಲ್ಲಿ ನಿಮ್ಮ ಸಹಿ ಉಂಟು. ರಿಟೈರ್ ಆಗುವ ಹೊತ್ತಿಗೆ ನಿಮಗೆ ಕೆಟ್ಟ ಹೆಸರು ಬರುವುದು ಬೇಡ ಅಂತ... ನೀವು ಹೋದ ಮೇಲೆ ಹೇಳುವಾ ಅಂತ ಕಾಯ್ತಾ ಇದ್ದೆ."

ನಾನು ಬಾಯಿಗೆ ಬಂದ ಹಾಗೆ ಬೈದೆ. ಬುದ್ಧಿ ಉಂಟಾ ನಿನಗೆ, ನಿನ್ನ ಭವಿಷ್ಯ ಹಾಳು ಮಾಡಿಕೊಂಡು ನನ್ನ ಹೆಸರು ಕಾಯಲಿಕ್ಕೆ ನಾನು ಯಾವ ಊರಿನ ರಾಣಿ ಎಂದೆ. ಬೈಯುತ್ತಾ ಬೈಯುತ್ತಾ ನನ್ನ ಕಣ್ಣಲ್ಲೇ ನೀರು ಬಂತು. ಅವಳು ನೀರಿನ ಬಾಟ್ಲಿ ಮುಂದೆ ತಳ್ಳಿದಳು. ಆ ಹೊತ್ತಿನಲ್ಲಿ ನನಗೆ ಆದದ್ದು ಪ್ರೀತಿಯೋ ಸಿಟ್ಟೋ ಎಂದು ಬಿಡಿಸಿ ಹೇಳಲಾರೆ.

ಅವತ್ತೇ ಡೇಟಾಬೇಸಿನಲ್ಲಿ ಆ ದಾಖಲೆಯ ಪುಟ ತೆರೆದು, ಈ ಜೋಡಿ ಜೀನ್ ನಿಜವಲ್ಲ, ಎರಡನೇ ಮಾದರಿ ಬೇರೆ ಮರದ್ದು, ಪರಿಶೀಲಿಸದೆ ಸಹಿ ಹಾಕಿದ್ದು ನಾನು ಎಂದು ಹೆಸರು ಹಾಕಿ ಬರೆದೆ. ಸರ್ ಸಿಟ್ಟಾಗಲಿಲ್ಲ. ನಿವೃತ್ತಿಯ ದಿನ ಚಂದದ ಭಾಷಣ ಮಾಡಿದರು. ನಾನು ಮನೆಗೆ ಬಂದು ವಾರ ಕಳೆದು ನೋಡಿದರೆ ನನ್ನ ವಾಕ್ಯದ ಜಾಗದಲ್ಲಿ "ತಾಂತ್ರಿಕ ಕಾರಣದಿಂದ ಹಿಂತೆಗೆದುಕೊಳ್ಳಲಾಗಿದೆ" ಎಂದಿತ್ತು. ಪರಿಶೀಲಿಸಿದವರ ಹೆಸರಿನ ಜಾಗ ಖಾಲಿ. ಅವರೂ ನನಗೆ ಉಪಕಾರವೇ ಮಾಡಿದ್ದರು.

ನಫೀಸಾ ಫೆಲೋಶಿಪ್ ಮುಗಿದರೂ ಬಿಡಲಿಲ್ಲ. ಬೆಳಗ್ಗೆ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಪ್ರಯೋಗ. ಪ್ರಬಂಧವನ್ನು ತಿರುಗಿಸಿ ಬರೆದಳು. ಒಂದೇ ಜೀನ್ ಇರುವ ಕಾಟು ಮಾವಿಗೆ ಘಮ ಎಲ್ಲಿಂದ ಬಂತು ಎಂದು ಹೊಸದಾಗಿ ಹುಡುಕಿದಳು. ಇಲ್ಲದ ಎರಡನೆಯದು ಇದೆ ಎಂದು ಕಂಡದ್ದು ಹೇಗೆ ಎಂದು ಒಂದು ಅಧ್ಯಾಯವನ್ನೇ ಇಟ್ಟಳು.

ಒಂದು ವರ್ಷದ ಮೇಲೆ ಅವಳ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದಾದ ಪರೀಕ್ಷೆ. ನಾನು ಹಿಂದಿನ ಸಾಲಿನಲ್ಲಿ ಅವಳ ಉಮ್ಮನ ಪಕ್ಕ ಕೂತಿದ್ದೆ. ಹೊರಗಿನ ಪರೀಕ್ಷಕರು ಧಾರವಾಡದ ಕಡೆಯವರು, ಹಿರಿಯರು. ಇಂಗ್ಲಿಷಿನಲ್ಲಿ ಸುರುವಾದದ್ದು, ಆ ಅಧ್ಯಾಯಕ್ಕೆ ಬಂದಾಗ ಅವರು ಪುಸ್ತಕ ಮುಚ್ಚಿ ಕನ್ನಡಕ್ಕೆ ಇಳಿದರು.

"ಮೊದಲನೇ ಗಿಡ ಕಡದಿದ್ರು, ಎರಡನೇ ಸೊಪ್ಪು ಬ್ಯಾರೆ ಗಿಡದ್ದು ಅಂತ ಬರದೀರಿ. ಅದನ್ನ ತರಿಸಿದವ್ರು ಯಾರು?"

"ದಾಖಲೆಯಲ್ಲಿ ಇಲ್ಲ ಸರ್" ಎಂದಳು ನಫೀಸಾ.

"ತಪ್ಪು ಹೊರಗ ಬರೂ ಎಂಟು ತಿಂಗಳ ಮೊದಲ ನಿಮಗ ಗೊತ್ತಿತ್ತು ಅಂತ ನೀವ ಬರದೀರಿ. ಯಾಕ ಮುಚ್ಚಿಟ್ರಿ? ಇದರಾಗ ನಿಮ್ಮ ಕೈನೂ ಅದ ಅಂತ ತಿಳೀಬೇಕೇನು ನಾವು?"

ಅವಳು ಮಾತಾಡಲಿಲ್ಲ. ಧರಣೇಂದ್ರ ಸರ್ ಮುಂದಿನ ಸಾಲಿನಲ್ಲಿದ್ದರು, ಅವರೂ ಮಾತಾಡಲಿಲ್ಲ. "ಇದಕ್ಕ ಉತ್ತರ ಇಲ್ಲದ ನಾ ಸಹಿ ಹಾಕಾಂಗಿಲ್ಲ" ಎಂದರು ಪರೀಕ್ಷಕರು. ಪಕ್ಕದಲ್ಲಿ ಅವಳ ಉಮ್ಮ, "ಎಂತ ಕೇಳುದು ಅವರು?" ಎಂದು ನನ್ನ ಕೈ ಹಿಡಿದರು. ನಾನು ಕೈ ಬಿಡಿಸಿಕೊಂಡು ಎದ್ದೆ.

"ಅವಳಲ್ಲ ಸರ್. ತರಿಸಿದವಳು ನಾನು. ಸಹಿಯೂ ನನ್ನದೇ. ಅವಳು ಸುಮ್ಮನಿದ್ದದ್ದು ನನ್ನ ಮುಖ ನೋಡಿ."

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಗಿಡ ನೋಡಾಕ ಹೋಗಿರಲಿಲ್ಲೇನ್ರಿ ನೀವು?"

"ಇಲ್ಲ ಸರ್. ಬಸ್ಸಿನಲ್ಲಿ ತರಿಸಿದೆ."

"ಹೋಗ್ಲಿ ಬಿಡ್ರಿ. ಆ ಗಿಡ ಕಡದಾರ ಅಂತ ಇಲ್ಲಿ ಕುಂತ ನಿಮಗ ಗೊತ್ತಾಗೂದಾದ್ರೂ ಹ್ಯಾಂಗ?"

ನಾನು ತಪ್ಪಿಸಿಕೊಳ್ಳಲಿ ಎಂದು ಅವರೇ ಬಾಗಿಲು ತೆರೆದುಕೊಟ್ಟಿದ್ದರು. ನಾನು ಕೂತುಬಿಡಬಹುದಿತ್ತು.

"ಗೊತ್ತಾಗ್ಬೇಕಿತ್ತು ಸರ್" ಎಂದೆ. "ಯಜಮಾನರು ತೀರಿಕೊಂಡ್ರು ಅಂತ ಫೋನಿನಲ್ಲಿ ನನಗೆ ಹೇಳಿದ್ರು. ಸತ್ತವರಿಗೆ ಆ ಮನೆಯ ಮಾವಿನ ಮರವನ್ನೇ ಕಡಿಯುವುದು ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತುಂಟು. ನನಗೆ ಮಾತ್ರ ಅದು ಮಾವಿನ ಮರ ಅಂತಲೇ ಹೊಳೆಯಲಿಲ್ಲ, ಹದಿನೇಳು ಅಂತ ಆಗಿತ್ತು. ನನ್ನ ಅಪ್ಪನನ್ನು ಸುಟ್ಟದ್ದೂ ನಮ್ಮ ಹಿತ್ತಿಲ ಮರದಲ್ಲೇ ಸರ್. ಅವತ್ತು ಕಡಿಯುವವರಿಗೆ ಕೊಡಲಿ ತಂದು ಕೊಟ್ಟದ್ದು ನಾನೇ."

ಪರೀಕ್ಷಕರು ಪ್ರಬಂಧವನ್ನು ಮತ್ತೆ ತೆರೆದು, ನಫೀಸಾಳ ಕಡೆ ತಿರುಗಿ, "ಮುಂದ ಹೇಳವಾ" ಎಂದರು. ಅವಳು ಹೇಳಿದಳು. ಘಮದ ವಿಚಾರವನ್ನೆಲ್ಲ ಹೇಳಿ ಮುಗಿಸಿದಳು. ನಮ್ಮನ್ನೆಲ್ಲ ಹೊರಗೆ ಕಳಿಸಿದವರು ಒಂದು ಗಂಟೆ ಕಳೆದು ಬಾಗಿಲು ತೆರೆದು, ಅವಳ ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ ಓದಿದರು. ಅವಳ ಉಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಎಲ್ಲರೂ ಲಡ್ಡು ತಿನ್ನುವಾಗ ನಫೀಸಾ ನನ್ನ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ, ನಾನು ಬೈಯಬೇಕು ಎಂದು ಸಿದ್ಧಳಾಗಿದ್ದೆ. ಅವಳು ಮೆಲ್ಲಗೆ, "ಮೇಡಂ, ಆ ಕೊಡಲಿ ಕೊಡುವಾಗ ನಿಮಗೆ ಎಷ್ಟು ಪ್ರಾಯ?" ಎಂದು ಕೇಳಿದಳು.

"ಹನ್ನೆರಡು" ಎಂದೆ.

ಅಷ್ಟು ವರ್ಷಗಳಲ್ಲಿ ಅದನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಲಡ್ಡು ಕೈಯಲ್ಲಿ ಹಿಡಿದುಕೊಂಡೇ, ಅಷ್ಟೂ ಜನರ ಎದುರು, ನಾನು ಅಪ್ಪನಿಗಾಗಿ ಅತ್ತೆ.